ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ

"ದೊಡ್ಡವರ ಶಾಂತ ಕ್ರೂಸ್‌ಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ" ಅಂತ ಹಡಗು ಪ್ರವಾಸದ (ಕ್ರೂಸ್) ಬಗ್ಗೆ ಬರೆದ ನಿಮ್ಮ ಲೇಖನದಲ್ಲಿ ಒಂದೇ ಏಟಿಗೆ ಹೇಳಿಬಿಟ್ಟಿದ್ದೀರಿ. ಅರ್ಧ ಒಪ್ಪುತ್ತೇನೆ. ವೈಕಿಂಗ್, ವರ್ಜಿನ್ ವಾಯೇಜಸ್ ಕಂಪನಿಗಳ ಹಡಗುಗಳಿಗೆ 18 ತುಂಬದವರನ್ನು ಹತ್ತಿಸುವುದೇ ಇಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಹಾಲೆಂಡ್ ಅಮೆರಿಕ ಥರದ, ವಯಸ್ಸಾದವರೇ ಹೆಚ್ಚಾಗಿ ಹೋಗುವ ಕಂಪನಿಗಳು ಮಕ್ಕಳನ್ನು ಬೇಡ ಅನ್ನುವುದಿಲ್ಲ.

ಇಂಥದ್ದೇ ಒಂದು ಹಡಗಿನಲ್ಲಿ ನಾವು 7 ದಿನ ಇದ್ದೆವು. 11 ವರ್ಷದ ಮಗಳು ಮೊದಲ ದಿನವೇ ಲೈಬ್ರರಿ ಪಕ್ಕದ ಜಿಗ್ಸಾ (ತುಂಡು ಜೋಡಿಸಿ ಚಿತ್ರ ಮಾಡುವ ಆಟ) ಟೇಬಲ್ ಹಿಡಿದು ಕೂತಳು. ಅಲ್ಲಿದ್ದ ಇಬ್ಬರು ಅಜ್ಜಿಯರು ಆಕಾಶದ ನೀಲಿ ತುಂಡುಗಳನ್ನೆಲ್ಲ ಬೇರೆ ಮಾಡುವ ಕೆಲಸ ಕೊಟ್ಟರು. ಕಡೆಯ ತುಂಡು ಇವಳೇ ಇಡಬೇಕು ಅಂತ ಒಬ್ಬರು ಅದನ್ನು ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು!

6 ವರ್ಷದ ಮಗನದು ಬೇರೆಯೇ ಕಥೆ. ವಾಟರ್ ಸ್ಲೈಡ್ ಇಲ್ಲ, ಮಕ್ಕಳ ಕ್ಲಬ್ಬಿನಲ್ಲಿ ಅವನನ್ನು ಬಿಟ್ಟರೆ ಇನ್ನೊಂದೇ ಮಗು, ರಾತ್ರಿ ಊಟ ಮುಗಿಯೋಕೆ ಎರಡು ಗಂಟೆ. ಕಾರಿಡಾರಿನಲ್ಲಿ ಓಡಿದರೆ ಬಾಗಿಲು ತೆರೆದು ಯಾರೋ ಇಣುಕುತ್ತಿದ್ದರು. "ಶ್, ಮೆಲ್ಲಗೆ" ಅನ್ನುವುದರಲ್ಲೇ ನನ್ನ ರಜೆ ಕಳೆಯಿತು (ಯಜಮಾನರು ಮಾತ್ರ ಡೆಕ್ ಮೇಲೆ ಗೊರಕೆ).

ಡೈಪರ್ ಹಾಕುವ ಕೂಸಿದ್ದರೆ ಇನ್ನೂ ಕಷ್ಟ. ಸ್ವಿಮ್ ಡೈಪರ್ ಇದ್ದರೂ ಬಹುತೇಕ ಹಡಗುಗಳು ಈಜುಕೊಳಕ್ಕೆ ಬಿಡುವುದಿಲ್ಲ.

ಬುಕ್ ಮಾಡುವ ಮುಂಚೆ ಕಂಪನಿಗೆ ಫೋನ್ ಮಾಡಿ, ಅದೇ ಪ್ರಯಾಣಕ್ಕೆ ಎಷ್ಟು ಮಕ್ಕಳು ಬುಕ್ ಆಗಿದ್ದಾರೆ, ದಡ ಕಾಣದೆ ಸಮುದ್ರದಲ್ಲೇ ಕಳೆಯುವ ದಿನಗಳು ಎಷ್ಟು ಅಂತ ಕೇಳಿ. ನಾವು ಕೇಳಿರಲಿಲ್ಲ. ಮುಂದಿನ ಸಲ ಮಗಳು ಅದೇ ಹಡಗು ಅಂತಾಳೆ, ಮಗ ಮನೆಯಲ್ಲೇ ಇರ್ತೀನಿ ಅಂತಾನೆ.