ಕಿಟಕಿ ಮುಚ್ಚಿ, ಬೆಟ್ಟದ ಪಾಠ ನಡೆಯುತ್ತಿದೆ

ನನ್ನ ತಂಗಿಯ ಮಗಳು ಎರಡು ವರ್ಷಗಳಿಂದ ‘ಹೊರಾಂಗಣ ವಿಹಾರ ಮತ್ತು ಪರಿಸರ ಪ್ರವಾಸೋದ್ಯಮ’ ಎಂಬ ವಿಷಯದಲ್ಲಿ ಪದವಿ ಓದುತ್ತಿದ್ದಾಳೆ. ಕೊಡಗಿನ ಶಾಂತಳ್ಳಿ ಹೋಬಳಿಯಲ್ಲಿ ಹುಟ್ಟಿ, ಶಾಲೆಗೆ ಹೋಗಿಬರಲು ದಿನಕ್ಕೆರಡು ಸಲ ಹಳ್ಳ ದಾಟಿ, ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳಗಳನ್ನು ಸುಣ್ಣ, ಹೊಗೆಸೊಪ್ಪು ಹಚ್ಚಿ ಬಿಡಿಸಿಕೊಳ್ಳುತ್ತಲೇ ಬೆಳೆದ ಹುಡುಗಿಗೆ ಹೊರಾಂಗಣವೆಂದರೇನು ಎಂಬುದನ್ನು ಒಂದು ವಿಶ್ವವಿದ್ಯಾಲಯವು ಆರು ಸೆಮಿಸ್ಟರುಗಳಲ್ಲಿ ಕಲಿಸಿಕೊಡಬೇಕಾಗಿ ಬಂದದ್ದು ನಮ್ಮ ಮನೆತನದ ಹಿಂದುಳಿದಿರುವಿಕೆಯ ಲಕ್ಷಣವೆಂದೇ ನಾನು ಮೊದಲು ತಿಳಿದಿದ್ದೆ. ಅವಳ ಟಿಪ್ಪಣಿಗಳನ್ನು ತಿರುವಿ ಹಾಕಿದ ಮೇಲೆ, ಅಲ್ಲಿ ಕಲಿಸುತ್ತಿರುವ ಹೊರಾಂಗಣವೇ ಬೇರೆ, ನಾವು ಕಂಡ ಹೊರಾಂಗಣವೇ ಬೇರೆ ಎಂಬುದು ಮನವರಿಕೆಯಾಯಿತು.

ಅವಳ ತರಗತಿ ಇರುವುದು ಮೊದಲ ಮಹಡಿಯಲ್ಲಿ. ಮೋಡವಿಲ್ಲದ ದಿನ ಅಲ್ಲಿನ ಕಿಟಕಿಯಿಂದ ಪುಷ್ಪಗಿರಿ ನೆತ್ತಿಯವರೆಗೂ ಕಾಣುತ್ತದೆ. ಆದರೆ ಬೆಳಕು ಒಳಗೆ ಬಂದರೆ ಪ್ರೊಜೆಕ್ಟರಿನ ಚಿತ್ರ ಮಂಕಾಗುವುದರಿಂದ ಪರದೆ ಎಳೆದು, ಕತ್ತಲು ಮಾಡಿ, ಗೋಡೆಯ ಮೇಲೆ ಪುಷ್ಪಗಿರಿಯ ಚಿತ್ರವನ್ನು ತೋರಿಸಲಾಗುತ್ತದೆ. ಚಿತ್ರದ ಕೆಳಗೆ ‘ಎತ್ತರ 1,712 ಮೀಟರ್’ ಎಂದು ಬರೆದಿದೆ. ಈ ಮಾಹಿತಿ ಕಿಟಕಿಯಾಚೆಯ ಬೆಟ್ಟದ ಮೇಲೆ ಎಲ್ಲಿಯೂ ಬರೆದಿಲ್ಲವಾದ್ದರಿಂದ ಗೋಡೆಯ ಬೆಟ್ಟವೇ ಶೈಕ್ಷಣಿಕವಾಗಿ ಮೇಲು ಎಂದು ಒಪ್ಪಬೇಕಾಗುತ್ತದೆ.

ವಿದ್ಯಾರ್ಥಿಗಳನ್ನು ನಿಜವಾದ ಬೆಟ್ಟಕ್ಕೇಕೆ ಕರೆದೊಯ್ಯುವುದಿಲ್ಲ ಎಂದು ಕೇಳಿದೆ. ಅವಳು ಬೆರಳು ಮಡಿಸುತ್ತಾ ವಿವರಿಸಿದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜಾರುತ್ತದೆಂದು ಚಾರಣ ಬಂದ್. ಫೆಬ್ರವರಿಯಿಂದ ಬೇಸಿಗೆ ಮುಗಿಯುವವರೆಗೆ ಕಾಳ್ಗಿಚ್ಚಿನ ಭಯ; ಆಗಲೂ ಬಂದ್. ನಡುವೆ ಉಳಿಯುವ ನಾಲ್ಕು ತಿಂಗಳಲ್ಲಿ ಒಂದು ತಿಂಗಳು ದಸರಾ, ದೀಪಾವಳಿ ರಜೆಗಳಿಗೂ ಕಾಲೇಜು ದಿನಾಚರಣೆಗೂ ಹೋಗುತ್ತದೆ, ಒಂದು ತಿಂಗಳು ಪರೀಕ್ಷೆಗೆ ಹೋಗುತ್ತದೆ, ಮಿಕ್ಕ ಎರಡು ತಿಂಗಳು ಅರಣ್ಯ ಇಲಾಖೆಯ ಅನುಮತಿ ಪತ್ರ, ಪೋಷಕರ ಒಪ್ಪಿಗೆ ಪತ್ರ ಮತ್ತು ವಿಮೆಯ ಕಾಗದಗಳು ಒಂದೇ ದಿನ ಒಂದೇ ಮೇಜಿನ ಮೇಲೆ ಸೇರುವುದನ್ನು ಕಾಯುವುದರಲ್ಲಿ ಕಳೆಯುತ್ತದೆ. ‘ಹಾಗಾಗಿ ನಮ್ಮ ಶಿಬಿರ ಸೆಮಿನಾರ್ ಹಾಲ್‌ನಲ್ಲೇ ಆಯಿತು ಮಾವ’ ಎಂದಳು.

ಆ ಶಿಬಿರದ ಚಿತ್ರವನ್ನು ನಾನು ಅವಳ ಮೊಬೈಲಿನಲ್ಲಿ ನೋಡಿದ್ದೇನೆ. ಹೊಳೆಯುವ ಟೈಲ್ಸ್ ನೆಲದ ಮೇಲೆ ಹಸಿರು ಡೇರೆ. ಟೈಲ್ಸಿಗೆ ಗೂಟ ಹೊಡೆದರೆ ದಂಡ ಕಟ್ಟಬೇಕಾಗುತ್ತದೆಂದು ಡೇರೆಯ ಹಗ್ಗಗಳನ್ನು ನಾಲ್ಕು ಬೆಂಚುಗಳ ಕಾಲಿಗೆ ಬಿಗಿದು, ಬೆಂಚು ಜರುಗದಂತೆ ಪ್ರತಿ ಬೆಂಚಿನ ಮೇಲೂ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿದ್ದಾರೆ. ಮಧ್ಯದಲ್ಲಿ ಕೆಂಪು ಗಾಳಿಪಟದ ಕಾಗದವನ್ನು ಕತ್ತರಿಸಿ, ಅದರೊಳಗೆ ಬಲ್ಬು ಇಟ್ಟು ಮಾಡಿದ ಶಿಬಿರಾಗ್ನಿ. ಇಡೀ ದೃಶ್ಯದಲ್ಲಿ ಹೊರಗಿನಿಂದ ಬಂದದ್ದೆಂದರೆ ಅಟೆಂಡರ್ ಅವರ ಪ್ಯಾಂಟಿನ ಮಡಿಕೆಯಲ್ಲಿ ಕುಳಿತು ಮೆಟ್ಟಿಲು ಹತ್ತಿದ ಒಂದು ಇಂಬಳ ಮಾತ್ರ. ‘ಪ್ರಥಮ ಚಿಕಿತ್ಸೆ’ಯಲ್ಲಿ ಆಗಷ್ಟೇ ಪೂರ್ಣಾಂಕ ಪಡೆದಿದ್ದವರು ಬೆಂಚಿನಿಂದ ಎದ್ದು ಓಡಿದ್ದರಿಂದ ಡೇರೆ ಕುಸಿಯಿತಂತೆ.

ಪಠ್ಯದ ಮೊದಲ ಅಧ್ಯಾಯವನ್ನು ಮಾತ್ರ ನಾನು ಹಂಗಿಸಲಾರೆ. 1983ರಲ್ಲಿ ಮೆಕ್ಸಿಕೋದ ವಾಸ್ತುಶಿಲ್ಪಿ ಹೆಕ್ಟರ್ ಸೆಬಾಯೊಸ್ ಲಾಸ್ಕುರಾಯಿನ್ ‘ಇಕೋ ಟೂರಿಸಂ’ ಎಂಬ ಮಾತನ್ನು ಬಳಕೆಗೆ ತಂದದ್ದು, 1990ರಲ್ಲಿ ಅಂತಾರಾಷ್ಟ್ರೀಯ ಇಕೋಟೂರಿಸಂ ಸೊಸೈಟಿಯು ಪರಿಸರ ಉಳಿಯಬೇಕು, ಸ್ಥಳೀಯರ ಬದುಕು ಸುಧಾರಿಸಬೇಕು ಎಂಬ ಎರಡು ಷರತ್ತುಗಳೊಡನೆ ಅದಕ್ಕೊಂದು ವ್ಯಾಖ್ಯೆ ಕೊಟ್ಟದ್ದು, 2002ನ್ನು ವಿಶ್ವಸಂಸ್ಥೆಯು ಪರಿಸರ ಪ್ರವಾಸೋದ್ಯಮದ ವರ್ಷವೆಂದು ಆಚರಿಸಿದ್ದು, ಎಲ್ಲವೂ ಅಲ್ಲಿದೆ. ಆ ಎರಡು ಷರತ್ತುಗಳು ಕುಶಾಲನಗರದಲ್ಲಿ ಕಾಫಿ ಕುಡಿಯಲು ಇಳಿದವು ಮತ್ತೆ ಬಸ್ಸು ಹತ್ತಿದಂತಿಲ್ಲ. ‘ಇಕೋ’ ಒಂದೇ ಬೆಟ್ಟ ಹತ್ತಿ ಬಂದಿತು. ನಮ್ಮ ಪಕ್ಕದ ತೋಟದಲ್ಲಿ ಕೆಲಸದವರಿಗೆಂದು ಹಿಂದೆ ಕಟ್ಟಿಸಿದ್ದ ಐದು ಕೋಣೆಗಳ ಲೈನ್ ಮನೆಯಿತ್ತು. ಈಗ ಅದರ ಹಂಚಿನ ಮೇಲೆ ಹುಲ್ಲು ಹೊದಿಸಿ, ಬಾಗಿಲಿಗೊಂದು ಲಾಟೀನು ತೂಗುಹಾಕಿ ‘ಇಕೋ ಕಾಟೇಜ್’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿದ್ದ ಕೆಲಸದವರು ಹಿಂಬದಿಯ ತಗಡಿನ ಶೆಡ್ಡಿಗೆ ಹೋಗಿದ್ದಾರೆ. ಆ ಶೆಡ್ಡಿಗೆ ಇನ್ನೂ ಯಾವ ಉಪಸರ್ಗವೂ ಸೇರಿಲ್ಲ.

ನನ್ನ ನಿದ್ದೆಗೆಡಿಸಿದ್ದು ಅರ್ಥಶಾಸ್ತ್ರದ ಅಧ್ಯಾಯ. ಟಿಕೆಟ್ಟಿಲ್ಲದ ಕಾಡಿಗೆ, ಜಲಪಾತಕ್ಕೆ ಬೆಲೆ ಕಟ್ಟುವುದು ಹೇಗೆಂಬ ಪ್ರಶ್ನೆಗೆ 1947ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಒಂದು ಪತ್ರ ಬರೆದು ದಾರಿ ತೋರಿಸಿದನಂತೆ. ಜನರು ಅಲ್ಲಿಗೆ ಬರಲು ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿ, ಎಷ್ಟು ಹೊತ್ತು ವ್ಯಯಿಸಿ ಬರುತ್ತಾರೆಂಬುದನ್ನು ಲೆಕ್ಕ ಹಾಕಿದರೆ ಆ ಜಾಗ ಅವರಿಗೆ ಎಷ್ಟು ಬೆಲೆಯದ್ದೆಂದು ತಿಳಿಯುತ್ತದೆ. ಪ್ರಯಾಣ ವೆಚ್ಚ ವಿಧಾನವೆಂದು ಇದಕ್ಕೆ ಹೆಸರು. ಸೂತ್ರದಲ್ಲಿ ಅಸಂಬದ್ಧವೇನಿಲ್ಲ, ಅಸಂಬದ್ಧತೆ ಇರುವುದು ನನ್ನ ವಿಳಾಸದಲ್ಲಿ. ಬೆಂಗಳೂರಿನಿಂದ 250 ಕಿಲೋಮೀಟರ್ ಡೀಸೆಲ್ ಸುಟ್ಟುಕೊಂಡು ಬಂದು, ಶನಿವಾರದ ವಾಹನಗಳ ಸಾಲಿನಲ್ಲಿ ಮೂರು ಗಂಟೆ ನಿಂತವರ ಲೆಕ್ಕದಲ್ಲಿ ಮಲ್ಲಳ್ಳಿ ಜಲಪಾತಕ್ಕೆ ಸಾವಿರಾರು ರೂಪಾಯಿ ಬೆಲೆ ಬರುತ್ತದೆ. ಐವತ್ತು ವರ್ಷಗಳಿಂದ ರಾತ್ರಿ ಮಲಗಿದಲ್ಲಿಯೇ, ಆ ಜಲಪಾತವಾಗಿ ಧುಮುಕುವ ಕುಮಾರಧಾರೆಯ ಸದ್ದು ಕೇಳಿ, ಮಳೆ ಎಷ್ಟು ಬಿದ್ದಿದೆಯೆಂದು ಅಂದಾಜು ಮಾಡುವ ನನ್ನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ವಾಹನಗಳ ಸಾಲು ಇನ್ನೆರಡು ಗಂಟೆ ಬೆಳೆದರೆ ಜಲಪಾತದ ಮೌಲ್ಯ ಇನ್ನಷ್ಟು ಏರುತ್ತದೆ. ನಮ್ಮ ರಸ್ತೆಗಳ ಗುಂಡಿಗಳನ್ನು ವರ್ಷಾನುಗಟ್ಟಲೆ ಮುಚ್ಚದೆ ಬಿಟ್ಟವರು ಹೊಟೆಲಿಂಗನ ಪತ್ರವನ್ನು ಮೊದಲೇ ಓದಿದ್ದರೆಂದು ನನಗೀಗ ಅನ್ನಿಸುತ್ತಿದೆ.

ಒಂದು ಜಾಗ ಎಷ್ಟು ಪ್ರವಾಸಿಗರನ್ನು ತಾಳಬಲ್ಲದೆಂಬ ಧಾರಣ ಸಾಮರ್ಥ್ಯದ ಪಾಠವೂ ಇದೆ. ಒಬ್ಬ ಪ್ರವಾಸಿಗೆ ನಿಲ್ಲಲು ಒಂದು ಚದರ ಮೀಟರ್ ಎಂದು ಹಿಡಿದು, ದಿನಕ್ಕೆ ಎಷ್ಟು ಸರದಿ ಬಂದುಹೋಗಬಹುದೆಂದು ಗುಣಿಸಿ, ಅನಂತರ ಮಳೆ, ಇಳಿಜಾರು, ಮಣ್ಣಿನ ಸವಕಳಿಗಳಿಗಾಗಿ ಒಂದೊಂದೇ ಕಡಿತ ಮಾಡುತ್ತಾ ಹೋಗಬೇಕು. ನಮ್ಮ ಹುಡುಗಿ ಜುಲೈ ತಿಂಗಳ ಮಲ್ಲಳ್ಳಿಗೆ, ನಮ್ಮೂರಿನ ಮಳೆಯನ್ನೇ ಹಾಕಿ ಲೆಕ್ಕ ಮಾಡಿದಳು. ಕಡಿತಗಳೆಲ್ಲ ಮುಗಿದ ಮೇಲೆ ಉಳಿದದ್ದು ದಿನಕ್ಕೆ ಒಬ್ಬ ಪ್ರವಾಸಿಗಿಂತ ತುಸು ಕಡಿಮೆ. ಉತ್ತರ ‘ಪ್ರಾಯೋಗಿಕವಾಗಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಗೈಡಿನಲ್ಲಿ ಬಿಡಿಸಿ ತೋರಿಸಿದ ಜೈಸಲ್ಮೇರಿನ ಉದಾಹರಣೆಯಿಂದ ಮಳೆಯ ಅಂಕಿಯನ್ನು ತೆಗೆದುಕೊಳ್ಳುವಂತೆ ಸೂಚಿಸಲಾಯಿತು. ಮರುಭೂಮಿಯ ಮಳೆ ಸುರಿದ ಕೂಡಲೇ ಶಾಂತಳ್ಳಿಯ ಇಳಿಜಾರು ಒಣಗಿ, ಮಲ್ಲಳ್ಳಿಯಲ್ಲಿ ದಿನಕ್ಕೆ ಸಾವಿರಾರು ಮಂದಿ ನಿರಾತಂಕವಾಗಿ ನಿಲ್ಲತೊಡಗಿದರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ಪುಷ್ಪಗಿರಿಗೆ, ಕುಮಾರಪರ್ವತವೆಂದು ಕರೆಯುತ್ತಾ, ಕುಕ್ಕೆಯ ಕಡೆಯಿಂದ ಮುಗಿಬಿದ್ದ ಚಾರಣಿಗರ ಸಾಲನ್ನು ನೋಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನೇ ನಿಲ್ಲಿಸಿ, ಆನ್‌ಲೈನ್ ಟಿಕೆಟ್ಟಿನ ಏರ್ಪಾಡು ಮಾಡಬೇಕಾಗಿ ಬಂದದ್ದು ಗೈಡು ಅಚ್ಚಾದ ಮೇಲಿನ ಸಂಗತಿ.

‘ಅಪಾಯ ನಿರ್ವಹಣೆ’ ಎಂಬ ಪತ್ರಿಕೆಯಲ್ಲಿ ಆಲ್ಪ್ಸ್ ಪರ್ವತದ ಹಿಮಕುಸಿತಕ್ಕೆ ಹದಿನಾಲ್ಕು ಪುಟ, ಭೂಕುಸಿತಕ್ಕೆ ಅರ್ಧ ಪುಟ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮನೆಗಳ ಸಮೇತ ಜಾರಿದ್ದನ್ನು ನೋಡಿದವರ ಮಕ್ಕಳು ಹಿಮದಲ್ಲಿ ಹೂತವರನ್ನು ಹುಡುಕುವ ಕೋಲಿನ ಉದ್ದವನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಒಂದು ದಿನ ‘ಸಂಪನ್ಮೂಲ ವ್ಯಕ್ತಿ’ಯಾಗಿ ಜೇನುಕುರುಬರ ಹಾಡಿಯ ಹಿರಿಯರೊಬ್ಬರನ್ನು ಕರೆಸಿದ್ದರು. ದಿನಗೂಲಿಯ ಮೇಲೆ ಕಾಡು ಕಾಯ್ದು, ಬೆಂಕಿರೇಖೆ ಸವರಿದ ಮನುಷ್ಯ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಏಲಕ್ಕಿ ಹಾರಗಳೆಲ್ಲ ಮುಗಿದು ಅವರ ಕೈಗೆ ಮೈಕು ಬರುವಾಗ ಊಟಕ್ಕೆ ಹತ್ತು ನಿಮಿಷ ಉಳಿದಿತ್ತು. ಆನೆ ಬಿದಿರು ಮುರಿಯುವ ಸದ್ದಿಗೂ ತಾನಾಗಿ ಬಿದಿರು ಸೀಳುವ ಸದ್ದಿಗೂ ಇರುವ ವ್ಯತ್ಯಾಸವನ್ನು ಅವರು ನಾಲಗೆಯಲ್ಲೇ ಮಾಡಿ ತೋರಿಸಿದರಂತೆ. ‘ಅಷ್ಟೂ ದಿನಗಳಲ್ಲಿ ನಾನು ಬರೆದುಕೊಳ್ಳಲಾಗದೆ ಹೋದ ಪಾಠ ಅದೊಂದೇ ಮಾವ’ ಎಂದಳು ಹುಡುಗಿ. ಅವರನ್ನೇ ಪಾಠಕ್ಕೆ ಏಕಿಟ್ಟುಕೊಳ್ಳಬಾರದು ಎಂದು ವಿದ್ಯಾರ್ಥಿಗಳು ಕೇಳಿದ್ದಕ್ಕೆ, ಸ್ನಾತಕೋತ್ತರ ಪದವಿಯೂ ನೆಟ್ ಅರ್ಹತೆಯೂ ಇಲ್ಲವೆಂದು ಉತ್ತರ ಬಂತು. ಇದ್ದವರಿಗೆ ಆ ಸದ್ದು ಮಾಡಲು ಬರುವುದಿಲ್ಲವಾದ್ದರಿಂದ ಅದು ಪಠ್ಯಕ್ರಮದಿಂದ ಹೊರಗುಳಿದಿದೆ.

ಕಳೆದ ತಿಂಗಳು ಮೌಖಿಕ ಪರೀಕ್ಷೆಯಿತ್ತು. ಬೆಂಗಳೂರಿನಿಂದ ಹೊರಟ ಪರೀಕ್ಷಕರು ವಾರಾಂತ್ಯದ ವಾಹನಗಳ ನಡುವೆ ಸಿಕ್ಕಿಬಿದ್ದು, ಬೆಳಗ್ಗೆ ಹತ್ತಕ್ಕೆ ಬರಬೇಕಾದವರು ಮಧ್ಯಾಹ್ನ ಎರಡೂವರೆಗೆ ಬಂದರು. ಪ್ರಯಾಣ ವೆಚ್ಚ ವಿಧಾನದಂತೆ ಪರೀಕ್ಷೆಯ ಮೌಲ್ಯವೂ ಅಷ್ಟು ಏರಿತೆನ್ನಬೇಕು. ಇವಳು ವ್ಯಾಖ್ಯೆ, ಇಸವಿ, ಸೂತ್ರಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದಳು. ಅವರು ಗಡಿಯಾರ ನೋಡಿಕೊಂಡು, ಕತ್ತಲಾಗುವುದರೊಳಗೆ ನೋಡಿಬರಬಹುದಾದ ಒಂದು ಜಾಗವನ್ನು ಹೇಳಮ್ಮ ಎಂದರು. ಮಲ್ಲಳ್ಳಿ ಎಂದಳು.

‘ಕಾರು ನೀರಿನ ಹತ್ತಿರದವರೆಗೂ ಹೋಗುತ್ತದಲ್ಲವೇ?’

‘ಇಲ್ಲ ಸರ್. ಮೇಲೆ ನಿಲ್ಲಿಸಿ ಮೆಟ್ಟಿಲಿಳಿದು ಹೋಗಬೇಕು.’

ಅವರು ಸ್ವಲ್ಪ ಹೊತ್ತು ಯೋಚಿಸಿ, ಅಂಕಪಟ್ಟಿಯಲ್ಲಿ ಇಪ್ಪತ್ತೈದಕ್ಕೆ ಹತ್ತೊಂಬತ್ತು ಎಂದು ತುಂಬಿ, ಪಕ್ಕದ ಷರಾ ಕಲಮಿನಲ್ಲಿ ‘ಮೂಲಸೌಕರ್ಯದ ಕೊರತೆಯಿದೆ’ ಎಂದು ಬರೆದು ಸಹಿ ಹಾಕಿದರು.