ಆ ದುಡ್ಡು ಬಂದಿದ್ದು ಎಲ್ಲಿಂದ ಸ್ವಾಮಿ?

ಸೌದಿಯ ಜುಬೈಲ್ ಊರಲ್ಲಿದ್ದ ನಮ್ಮವರ ಹಳೇ ಗ್ರೂಪಿನಲ್ಲಿ ಇವತ್ತು ಬೆಳಗ್ಗೆಯಿಂದ ಒಂದೇ ರೀಲ್ ಸುತ್ತುತ್ತಿದೆ. ಕೋಟು ತೊಟ್ಟ ಹುಡುಗ, ಹಿಂದೆ ಡ್ರೋನ್ ವಿಡಿಯೊ, ಕಿವಿ ತೂತಾಗುವ ಸಂಗೀತ. ಸೌದಿ ಅರೇಬಿಯಾ ಎಣ್ಣೆಗೆ ಟಾಟಾ ಹೇಳಿಯಾಯಿತಂತೆ. ಅಲ್ಲಿನ ಆರ್ಥಿಕತೆಯ ಅರ್ಧಕ್ಕಿಂತ ಜಾಸ್ತಿ ಈಗ ಎಣ್ಣೆ ಇಲ್ಲದೇ ನಡೆಯುತ್ತದಂತೆ. ಕೆಳಗೆ ಸಾಲು ಸಾಲು ಚಪ್ಪಾಳೆ. ತಟ್ಟಿದವರಲ್ಲಿ ಅರ್ಧ ಜನ ಜುಬೈಲಿನ ಪೆಟ್ರೋಕೆಮಿಕಲ್ ಪ್ಲಾಂಟುಗಳಲ್ಲಿ ನೈಟ್ ಶಿಫ್ಟ್ ಮಾಡಿ ಊರಲ್ಲಿ ಮನೆ ಕಟ್ಟಿದವರು! ಹೊರಗಿನವರು ಮರುಳಾಗಲಿ, ಬೇಡ ಅನ್ನುವುದಿಲ್ಲ. ನೀವೂನಾ?

ನನ್ನ ಪ್ರಶ್ನೆ ಒಂದೇ. ಆ ಅರ್ಧ ನಡೆಸುವ ದುಡ್ಡು ಬಂದಿದ್ದು ಎಲ್ಲಿಂದ?

ರಿಯಾದಿನಲ್ಲಿ ಒಂದು ಹೋಟೆಲ್ ಏಳುತ್ತದೆ ಅನ್ನಿ. ಸಿಮೆಂಟು, ಕಬ್ಬಿಣ, ಕೂಲಿ, ಇಂಜಿನಿಯರ್ ಸಂಬಳ, ಆಮೇಲೆ ರೂಮು ಬಾಡಿಗೆ ಎಲ್ಲವೂ ಲೆಕ್ಕದ ಪುಸ್ತಕದಲ್ಲಿ ಎಣ್ಣೆ ಬಿಟ್ಟು ಉಳಿದ ವ್ಯವಹಾರ. ಸರಿ. ಆದರೆ ಅದಕ್ಕೆ ಬಂಡವಾಳ ಹಾಕಿದವರು ಯಾರು? ಬಹಳಷ್ಟು ಕಡೆ ಪಿಐಎಫ್ ಅನ್ನುವ ಸರ್ಕಾರದ ಹೂಡಿಕೆ ನಿಧಿ. ಪಿಐಎಫ್‌ಗೆ ದುಡ್ಡು? 2019ರ ಡಿಸೆಂಬರಿನಲ್ಲಿ ಸರ್ಕಾರಿ ಎಣ್ಣೆ ಕಂಪನಿ ಅರಾಮ್ಕೊದ ಚೂರು ಪಾಲು ಶೇರು ಮಾರುಕಟ್ಟೆಗೆ ಬಿಟ್ಟು 2,560 ಕೋಟಿ ಡಾಲರ್ ಎತ್ತಿದರಲ್ಲ, ಅದು. 2020ರಲ್ಲಿ ಸಾಬಿಕ್ ಅನ್ನುವ ಪೆಟ್ರೋಕೆಮಿಕಲ್ ಕಂಪನಿಯ 70% ಪಾಲನ್ನು ಪಿಐಎಫ್ ಅರಾಮ್ಕೊಗೇ ಮಾರಿತು, ಸುಮಾರು 6,900 ಕೋಟಿ ಡಾಲರಿಗೆ. ಬಲಗಡೆ ಜೇಬಿಂದ ತೆಗೆದು ಎಡಗಡೆ ಜೇಬಿಗೆ. ಅದೂ ಸಾಲದು ಅಂತ ಅರಾಮ್ಕೊದ 16% ಶೇರನ್ನೂ ಪಿಐಎಫ್ ಮತ್ತು ಅದರ ಕಂಪನಿಗಳ ಹೆಸರಿಗೆ ಬರೆದರು. ಆ ಶೇರಿನ ಲಾಭಾಂಶ ಬರುವುದು ಬ್ಯಾರಲ್ ಲೆಕ್ಕದಿಂದ, ಖರ್ಜೂರದಿಂದಲ್ಲ.

ಅಪ್ಪ ಕೊಟ್ಟ ದುಡ್ಡಲ್ಲಿ ಮಗ ಹೋಟೆಲ್ ಇಡುತ್ತಾನೆ, ಮೂರು ಹೊತ್ತೂ ಅಪ್ಪನೇ ಬಂದು ಉಂಡು ಬಿಲ್ ಕೊಡುತ್ತಾನೆ, ಮಗ ಮಾತ್ರ ಊರೆಲ್ಲ "ನಾನು ಸ್ವಂತ ಕಾಲ ಮೇಲೆ ನಿಂತೆ" ಅನ್ನುತ್ತಾನೆ. ನಿಂತಿರಬಹುದು ಮಾರಾಯ. ಅಪ್ಪ ನಾಳೆ ಊಟಕ್ಕೆ ಬರದಿದ್ದರೆ ಗೊತ್ತಾಗುತ್ತದೆ.

ಸರ್ಕಾರದ ಖಜಾನೆ ನೋಡಿ. 2024ರಲ್ಲೂ ಆದಾಯದ ಹತ್ತಿರ ಹತ್ತಿರ 60% ಎಣ್ಣೆಯದ್ದೇ. ಎಣ್ಣೆ ಮೇಲಿನ ಅವಲಂಬನೆ ಕಡಿಮೆ ಮಾಡುವ ವಿಷನ್ 2030 ಯೋಜನೆ ಘೋಷಿಸಿದ್ದು 2016ರ ಏಪ್ರಿಲಿನಲ್ಲಿ. ಯಾಕೆ ಆಗ? 2014ರ ಮಧ್ಯದಲ್ಲಿ ನೂರು ಡಾಲರಿಗೂ ಮೇಲಿದ್ದ ಬ್ಯಾರಲ್ 2016ರ ಜನವರಿಯಲ್ಲಿ ಮೂವತ್ತಕ್ಕಿಂತ ಕೆಳಗೆ ಬಿತ್ತು. ಆ ವರ್ಷ ಕಂಟ್ರಾಕ್ಟ್ ಕಂಪನಿಗಳು ಸಂಬಳ ಕೊಡದೆ, ಕ್ಯಾಂಪುಗಳಲ್ಲಿ ಸಾವಿರಾರು ಭಾರತೀಯರು ಊಟಕ್ಕೂ ಗತಿಯಿಲ್ಲದೆ ಕೂತಿದ್ದರು. ನಮ್ಮ ಸರ್ಕಾರ ಮಂತ್ರಿಯನ್ನೇ ಕಳಿಸಬೇಕಾಯಿತು. ಗ್ರೂಪಿನವರಿಗೆ ಅದು ಮರೆತೇ ಹೋಯಿತಾ?

ಇನ್ನು ಇದೇನು ಹೊಸ ಕನಸೂ ಅಲ್ಲ. 1970ರ ಸೌದಿಯ ಮೊದಲ ಪಂಚವಾರ್ಷಿಕ ಯೋಜನೆಯಲ್ಲೇ ಎಣ್ಣೆಯೊಂದನ್ನೇ ನಂಬಬಾರದು ಅಂತ ಬರೆದಿದ್ದರು. ಆಮೇಲೆ ಮರುಭೂಮಿಯಲ್ಲಿ ಗೋಧಿ ಬೆಳೆಯಲು ಹೊರಟರು. ನೆಲದಡಿಯ ಸಾವಿರಾರು ವರ್ಷ ಹಳೆಯ ನೀರನ್ನು ಪಂಪು ಹಾಕಿ ಎತ್ತಿದರು. ಮಳೆಯಿಂದ ಮತ್ತೆ ತುಂಬುವ ನೀರಲ್ಲ ಅದು. ಬೆಳೆದ ಗೋಧಿಯನ್ನು ಲೋಕದ ಬೆಲೆಗಿಂತ ಹಲವು ಪಟ್ಟು ಕೊಟ್ಟು ಸರ್ಕಾರವೇ ಕೊಂಡಿತು. 1990ರ ದಶಕದ ಶುರುವಿನಲ್ಲಿ ವರ್ಷಕ್ಕೆ 40 ಲಕ್ಷ ಟನ್ ಬೆಳೆದು ರಫ್ತು ಕೂಡ ಮಾಡಿದರು. ಆಗ ರೀಲ್ ಇರಲಿಲ್ಲ, ಇದ್ದಿದ್ದರೆ ಕೋಟಿನ ಹುಡುಗರು ಗೋಧಿ ಗದ್ದೆ ಮುಂದೆ ನಿಂತಿರುತ್ತಿದ್ದರು. ಕೊನೆಗೆ ನೀರು ಬತ್ತುತ್ತಾ ಬಂತು. 2008ರಲ್ಲಿ ಕೈಬಿಡಲು ತೀರ್ಮಾನಿಸಿ, 2016ಕ್ಕೆ ಆ ಖರೀದಿಯನ್ನೇ ನಿಲ್ಲಿಸಿದರು. ಎಣ್ಣೆ ದುಡ್ಡು ಸುರಿದು ಬೆಳೆದದ್ದು, ಸುರಿಯುವುದು ನಿಂತ ಕೂಡಲೇ ಒಣಗಿತು.

ಈಗ ಗೋಧಿಯ ಜಾಗದಲ್ಲಿ ನಿಯೋಮ್ ಅನ್ನುವ ಹೊಸ ನಗರ ಯೋಜನೆ. 2017ರಲ್ಲಿ 50,000 ಕೋಟಿ ಡಾಲರಿನ ಮಾತು. ಅದರಲ್ಲಿ ದಿ ಲೈನ್ ಅಂತ 170 ಕಿಲೋಮೀಟರ್ ಉದ್ದದ, 500 ಮೀಟರ್ ಎತ್ತರದ ಕನ್ನಡಿ ಗೋಡೆ, ಒಳಗೆ 90 ಲಕ್ಷ ಜನ. 2024ರ ಹೊತ್ತಿಗೆ ಬಂದ ಸುದ್ದಿ ಏನು? 2030ಕ್ಕೆ ಮುಗಿಯುವುದು ಎರಡೂವರೆ ಕಿಲೋಮೀಟರ್ ಅಷ್ಟೇ ಅಂತ. ಇರಲಿ ಬಿಡಿ, ಈಗ ನಮ್ಮ ಮನೆಯ ಕಥೆ ಹೇಳುತ್ತೇನೆ.

2017ರ ಜುಲೈಯಲ್ಲಿ ಡಿಪೆಂಡೆಂಟ್ ಫೀ ಬಂತು. ಹೊರಗಿನಿಂದ ಬಂದು ದುಡಿಯುವವರ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್. ಪ್ರತಿ ವರ್ಷ ನೂರು ಏರುತ್ತಾ 2020ಕ್ಕೆ 400. ನಾನು, ಇಬ್ಬರು ಮಕ್ಕಳು. ಅಂದರೆ ತಿಂಗಳಿಗೆ 300ರಿಂದ 1,200ಕ್ಕೆ, ಅದೂ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವಾಗ ಮುಂಗಡ. ನಮ್ಮ ಯಜಮಾನರು ಕ್ಯಾಲ್ಕುಲೇಟರ್ ಹಿಡಿದು ಕೂತ ರಾತ್ರಿಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. 2018ರ ಜನವರಿಗೆ 5% ವ್ಯಾಟ್ ಕೂಡ ಬಂತು. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ ಮುಗಿದದ್ದೇ ನಾವು ಮೂವರೂ ಫೈನಲ್ ಎಕ್ಸಿಟ್, ವೀಸಾ ಮುಗಿಸಿ ಊರಿಗೆ. ನಮ್ಮ ಬಿಲ್ಡಿಂಗಿನಲ್ಲಿ ಉಡುಪಿಯವರು, ಭಟ್ಕಳದವರು, ಕೇರಳದವರು ಒಬ್ಬೊಬ್ಬರಾಗಿ ಖಾಲಿ ಮಾಡಿದರು. ಕೆಳಗಿನ ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ಕುಚ್ಚಲಕ್ಕಿ ತರಿಸುವುದನ್ನೇ ಬಿಟ್ಟರು, ಕೊಳ್ಳುವವರೇ ಇಲ್ಲ. ಆ ಫೀ ಸರ್ಕಾರದ ಪುಸ್ತಕದಲ್ಲಿ ಎಣ್ಣೆಯಲ್ಲದ ಆದಾಯ ಅಂತ ಜಮಾ ಆಯಿತು. ನಮ್ಮ ಮೂರು ತಲೆಯೂ ಆ ಹೆಮ್ಮೆಯ ಲೆಕ್ಕದಲ್ಲಿವೆ!

ತಮಾಷೆ ಏನೆಂದರೆ, ನಾನು ಮಂಗಳೂರಿಗೆ ಬಂದಿಳಿದೆ, ಜೂನ್‌ನಲ್ಲಿ ಅಲ್ಲಿ ಹೆಂಗಸರಿಗೆ ಗಾಡಿ ಓಡಿಸಲು ಬಿಟ್ಟರು. ಅಷ್ಟು ವರ್ಷ ಸೂಪರ್ ಮಾರ್ಕೆಟ್ಟಿಗೂ ಗಂಡನ ಡ್ಯೂಟಿ ಮುಗಿಯಲಿ ಅಂತ ಕಾದವಳು ನಾನು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹಾಗೇ ಖುಷಿಯೂ ಆಯಿತು. ಅಲ್ಲಿನ ಹೆಣ್ಣುಮಕ್ಕಳು ಕೆಲಸಕ್ಕೆ ಬರುವ ಪ್ರಮಾಣ 2030ಕ್ಕೆ 30% ಅಂತ ಗುರಿ ಇತ್ತು, ಬಹಳ ಮೊದಲೇ ದಾಟಿತು. ಸೌದಿಯವರ ನಿರುದ್ಯೋಗ 2024ರ ಕೊನೆಗೆ 7%ಕ್ಕೆ ಇಳಿಯಿತು. ಬದಲಾವಣೆ ಅಂದರೆ ಅದು. ರೀಲ್ ಮಾಡುವುದಿದ್ದರೆ ಇದರ ಬಗ್ಗೆ ಮಾಡಿ, ಚಪ್ಪಾಳೆ ನಾನೇ ಮೊದಲು ತಟ್ಟುತ್ತೇನೆ.

ಸೋಲಾರ್ ಪ್ಲಾಂಟುಗಳೂ ಒಳ್ಳೆಯದೇ, ಆ ಬಿಸಿಲಿಗೆ ಇನ್ನೇನು ಬೇಕು? ಅಲ್ಲಿ ಎಸಿಗೆ ಬೇಕಾದ ಕರೆಂಟಿಗೂ ಕಚ್ಚಾ ಎಣ್ಣೆ ಸುಡುತ್ತಿದ್ದರು. ಸೋಲಾರ್ ಬಂದರೆ ಆ ಎಣ್ಣೆ ಉಳಿಯುತ್ತದೆ. ಉಳಿದ ಎಣ್ಣೆ ಏನಾಗುತ್ತದೆ ಅಂತ ಕೇಳಬೇಡಿ. ಮಾರುತ್ತಾರೆ. ಕೊಳ್ಳುವವರಲ್ಲಿ ನಾವೂ ಇದ್ದೇವೆ. ಮಂಗಳೂರು, ಪಾದೂರಿನ ಬಂಡೆಯೊಳಗಿನ ಗುಹೆಗಳಲ್ಲಿ ಕಚ್ಚಾ ಎಣ್ಣೆ ಕೂಡಿಡುವವರು ನಾವು.

"ದುಬೈ ಮಾಡಿ ತೋರಿಸಿಲ್ವಾ ಅಕ್ಕ?" ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ಮಾಡಿದೆ. 1979ರಲ್ಲಿ ಜೆಬೆಲ್ ಅಲಿ ಬಂದರು, 1985ರಲ್ಲಿ ಎಮಿರೇಟ್ಸ್ ವಿಮಾನ, ಜಾಣರೇ. ಆದರೆ 2009ರಲ್ಲಿ ಸಾಲ ಕಟ್ಟಲಾಗದೆ ಕೂತಾಗ ಪಕ್ಕದ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟಿತು. ಅಬುಧಾಬಿಗೆ ಆ ದುಡ್ಡು ಎಲ್ಲಿಂದ? ಅದೂ ಎಣ್ಣೆಯದ್ದೇ. ಮರುವರ್ಷ ಬುರ್ಜ್ ದುಬೈ ಉದ್ಘಾಟನೆ ದಿನ ಅದರ ಹೆಸರೇ ಬುರ್ಜ್ ಖಲೀಫಾ ಆಯಿತು, ಅಬುಧಾಬಿ ದೊರೆಯ ಹೆಸರು. ದುಬೈ ಮಾತು ಅಲ್ಲಿಗೆ ಮುಗಿಯಿತು.

ನನಗೆ ಸೌದಿ ಗೆಲ್ಲಬಾರದು ಅಂತ ಇಲ್ಲ. ನಮ್ಮ ಯಜಮಾನರು ಇನ್ನೂ ಅಲ್ಲೇ ಬ್ಯಾಚುಲರ್ ರೂಮಿನಲ್ಲಿದ್ದಾರೆ, ನಾನು ಕೂತಿರುವ ಈ ಮನೆಯ ಟೈಲ್ಸ್ ಕೂಡ ಆ ಎಣ್ಣೆಯದ್ದೇ. ನಮ್ಮ ಕರಾವಳಿಯ ಎಷ್ಟೋ ಮನೆಗಳು ಆ ಬ್ಯಾರಲ್ ಮೇಲೆ ನಿಂತಿವೆ. ನಮಗೆ ವಿಷನ್ ಯಾರು ಬರೆಯುತ್ತಾರೆ? ಅಕ್ಕನ ಮಗನಿಗೆ ರಿಯಾದಿನ ಒಂದು ಪ್ರಾಜೆಕ್ಟಿನಲ್ಲಿ ಆಫರ್ ಬಂದಿದೆ. ಹೋಗು ಅಂತಲೇ ಹೇಳಿದೆ, ಇಲ್ಲಿ ಆ ಸಂಬಳ ಯಾರು ಕೊಡುತ್ತಾರೆ? ಆದರೆ 2020 ನೆನಪಿಟ್ಟುಕೋ ಅಂದೆ. ಎಣ್ಣೆ ಬೆಲೆ ಬಿದ್ದ ಕೆಲವೇ ತಿಂಗಳಿಗೆ ವ್ಯಾಟ್ 5ರಿಂದ 15% ಆಗಿತ್ತು. ಮನೆ ಸಾಲ ಮಾಡುವ ಮುಂಚೆ ಆರು ತಿಂಗಳ ಕಂತು ಬ್ಯಾಂಕಿನಲ್ಲಿ ಬೇರೆ ತೆಗೆದಿಡು, ಆಮೇಲೆ ಪಾಯ ತೋಡಿಸು ಅಂದೆ. "ಆಯ್ತು ಚಿಕ್ಕಮ್ಮ" ಅಂದ. ತೆಗೆದಿಡುವ ಹುಡುಗನಲ್ಲ ಅವನು.