ಪೆಟ್ಟು ತಿನ್ನುವುದೂ ಡ್ಯೂಟಿಯೇ, ಸಿಸ್ಟರ್!

ಆಸ್ಪತ್ರೆಯ ಗೋಡೆಯ ಮೇಲೊಂದು ಫಲಕ: 'ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಎಳ್ಳಷ್ಟೂ ಸಹಿಸಲಾಗುವುದಿಲ್ಲ.' ಯಾರು ಸಹಿಸುವುದಿಲ್ಲ ಎಂದು ಬರೆದಿಲ್ಲ. ಅದರ ಕೆಳಗೇ ನಿಂತು ನರ್ಸ್ ದಿನವೂ ಸಹಿಸುತ್ತಿರುತ್ತಾಳೆ. ಫಲಕಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದಾರೆ; ಯಾರಾದರೂ ಕೈ ಮಾಡಿದರೆ ಹಾಳಾಗಬಾರದಲ್ಲ!

ಡಾಕ್ಟರು ಬಂದಿಲ್ಲ, ಸ್ಕ್ಯಾನಿಂಗ್ ಸಾಲು ಕರಗುತ್ತಿಲ್ಲ, ಬಿಲ್ಲು ಬೆಳೆಯುತ್ತಿದೆ, ಲಿಫ್ಟ್ ಕೆಟ್ಟಿದೆ. ಇದಕ್ಕೆಲ್ಲ ಉತ್ತರ ಹೇಳಬೇಕಾದವರು ಬಾಗಿಲು ಹಾಕಿಕೊಂಡ ಕೋಣೆಗಳಲ್ಲಿದ್ದಾರೆ. ಕೈಗೆಟುಕುವವಳು ಇವಳೊಬ್ಬಳೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆದರೆ ಕೊತ್ತಿಗೊಂದು ಅನುಕೂಲವಿದೆ, ಅದು ಓಡಿಹೋಗಬಹುದು. ನರ್ಸ್ ಓಡಿದರೆ ಕರ್ತವ್ಯಲೋಪ.

(ಮರೆವಿನ ಕಾಯಿಲೆಯಲ್ಲೋ ಜ್ವರದ ಸನ್ನಿಯಲ್ಲೋ ಕೈ ಬೀಸುವ ರೋಗಿಯ ಮಾತು ಬೇರೆ. ನಾನು ಹೇಳುತ್ತಿರುವುದು ಪೂರ್ತಿ ಎಚ್ಚರದಲ್ಲಿ ತೋಳೇರಿಸಿಕೊಂಡು ಬರುವ ಆರೋಗ್ಯವಂತರ ಬಗ್ಗೆ.)

ವಿಮಾನದಲ್ಲಿ ಸಿಬ್ಬಂದಿಯ ಮೇಲೆ ಕೈ ಮಾಡಿದವನು ಇಳಿಯುವಷ್ಟರಲ್ಲಿ ಪೊಲೀಸರು ಕಾದಿರುತ್ತಾರೆ. ವಾರ್ಡಿನಲ್ಲಾದರೆ ಅವನಿಗೆ ಕುರ್ಚಿ ಕೊಟ್ಟು ಸಮಾಧಾನ ಮಾಡುತ್ತಾರೆ. ಅವಳಿಗೆ ಸಿಗುವುದು ಘಟನಾ ವರದಿಯ ನಮೂನೆ. ತುಂಬಬೇಕಾದ್ದು ಶಿಫ್ಟ್ ಮುಗಿದ ಮೇಲೆ, ಸ್ವಂತ ಸಮಯದಲ್ಲಿ. 'ಘಟನೆಗೆ ಮುಂಚೆ ನೀವು ಏನೆಂದಿರಿ? ಯಾವ ದನಿಯಲ್ಲಿ? ಇದನ್ನು ತಪ್ಪಿಸಲು ನೀವು ಏನು ಮಾಡಬಹುದಿತ್ತು?' ಹೊಡೆದವನಿಗೆ ಪ್ರಶ್ನೆಗಳಿಲ್ಲ. ಪಾಪ, ಅವನು ನೊಂದಿದ್ದಾನೆ. ಇಷ್ಟನ್ನು ಓದಿದವಳು ನಮೂನೆಯನ್ನು ಮಡಚಿ ಇಡುತ್ತಾಳೆ. ತಿಂಗಳ ಸಭೆಯಲ್ಲಿ 'ಹಲ್ಲೆ ಪ್ರಕರಣ: ಸೊನ್ನೆ' ಎಂದು ಓದುತ್ತಾರೆ. ಫಲಕದ ಮಾತು ನಿಜವಾಯಿತು ನೋಡಿ.

ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ವೃತ್ತಿಯಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ 8ಕ್ಕೂ 38ಕ್ಕೂ ನಡುವಿನ ಕಂದಕದಲ್ಲಿ ಮಡಚಿಟ್ಟ ನಮೂನೆಗಳು ಎಷ್ಟು ಬಿದ್ದಿವೆಯೋ.

ಹಾಗೆಂದು ಆಡಳಿತ ಸುಮ್ಮನೆ ಕೂತಿಲ್ಲ, ತರಬೇತಿ ಕೊಡುತ್ತದೆ. ಕತ್ತರಿ ಜೇಬಿನಿಂದ ಇಣುಕದಿರಲಿ. ಸ್ಟೆತಸ್ಕೋಪ್ ಕೊರಳಿಗೆ ಬೇಡ. ಗುರುತಿನ ಚೀಟಿಯ ದಾರ ಎಳೆದ ಕೂಡಲೇ ಬಿಚ್ಚಿಕೊಳ್ಳುವಂಥದ್ದಿರಲಿ. ಕೂದಲು ಕೈಗೆ ಸಿಗದಂತೆ ಕಟ್ಟಿ. ಸದಾ ಬಾಗಿಲಿಗೆ ಹತ್ತಿರ ನಿಲ್ಲಿ. ಸಲಹೆಗಳೇನೋ ಸರಿಯೇ. ಬಾಗಿಲ ಬಳಿ ನಿಂತು ದೂರದ ಹಾಸಿಗೆಯ ರೋಗಿಗೆ ಇಂಜೆಕ್ಷನ್ ಕೊಡುವ ವಿದ್ಯೆಯೊಂದನ್ನೂ ಕಲಿಸಿಬಿಟ್ಟರೆ ಆಯಿತು. ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಕೊಡಿ ಎಂದು ಯಾರೋ ಕೇಳಿದರಂತೆ. ಅದು ತರಬೇತಿಯ ವಿಷಯವಲ್ಲವಂತೆ.

ಜಗತ್ತೂ ಕೈಕಟ್ಟಿ ಕೂತಿಲ್ಲ. 2002ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರು ಸೇರಿ ಆರೋಗ್ಯ ಕ್ಷೇತ್ರದ ಹಿಂಸೆ ತಡೆಗೆ ಮಾರ್ಗಸೂಚಿ ಹೊರಡಿಸಿದರು. ಕೆಲಸದ ಜಾಗದ ಹಿಂಸೆ, ಕಿರುಕುಳ ತಡೆಗೆಂದು ಎಲ್ಲ ದುಡಿಯುವವರಿಗೂ ಅನ್ವಯಿಸುವ ಕಾರ್ಮಿಕ ಸಂಸ್ಥೆಯ 190ನೇ ಒಪ್ಪಂದ ಬಂದದ್ದು 2019ರಲ್ಲಿ, ಜಾರಿಗೆ ಬಂದದ್ದು 2021ರಲ್ಲಿ. ಇಷ್ಟು ನಿಧಾನಕ್ಕೆ ನಡೆದ ಕಾಗದಕ್ಕೆ ಯಾರೂ ಕೈ ಮಾಡಲಿಲ್ಲ. ಡ್ರಿಪ್ ಬದಲಿಸಲು ಹತ್ತು ನಿಮಿಷ ತಡವಾದವಳಿಗೆ ಮಾತ್ರ ಕಪಾಳಕ್ಕೆ ಬೀಳುತ್ತದೆ.

ಮೇ 12ಕ್ಕೆ, ದಾದಿಯರ ದಿನದಂದು, ವೇದಿಕೆಯಲ್ಲಿ ಅವಳು ದೇವತೆ. ದೇವತೆಗೆ ಮೂಳೆ ಇರುವುದಿಲ್ಲ, ಹಾಗಾಗಿ ಮುರಿಯುವ ಪ್ರಶ್ನೆಯೂ ಇಲ್ಲ, ರಜೆಯೂ ಬೇಡ. ಕೊಟ್ಟ ಗುಲಾಬಿಯನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈಗೆ ಬ್ಯಾಂಡೇಜ್ ಇತ್ತು.

"ಸಿಸ್ಟರ್, ಆ ಕೈ ಸ್ವಲ್ಪ ಹಿಂದಕ್ಕಿಟ್ಕೊಳ್ಳಿ," ಎಂದ ಫೋಟೋದವನು.